ಹೊಗೆ ಕೊಳವೆಯ ಸದ್ದಿನಿಂದ ಶಕ್ತಿ ಪಡೆದ ವಾಲ್ಟರ್ ಕಾಡೆನ್

ಮಕ್ಕಳೇ, ಹಳೆಯ ಯೆಜ್ಡಿ ಅಥವಾ ಜಾವಾ ಬೈಕಿನ ಸದ್ದನ್ನು ನೀವು ಕೇಳಿದ್ದೀರಾ? ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಬೈಕುಗಳನ್ನು ತಯಾರಿಸುತ್ತಿತ್ತು. ಅವುಗಳ ಸದ್ದು ಇಂದಿನ ಬೈಕುಗಳ ಸದ್ದಿನ ಹಾಗಿರಲಿಲ್ಲ. ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಸದ್ದನ್ನೋ, ಮರ ಕೊಯ್ಯುವ ಯಂತ್ರದ ಸದ್ದನ್ನೋ ನೀವು ಕೇಳಿರಬಹುದು. ಇವುಗಳಲ್ಲಿ ಹಲವು ಟೂ-ಸ್ಟ್ರೋಕ್ ಎಂಜಿನ್‌ನಿಂದಲೇ ನಡೆಯುತ್ತವೆ.

ಎಂಜಿನ್‌ನಿಂದ ಹೊರಬರುವ ಸದ್ದು ನಮ್ಮ ಕಿವಿಗೆ ಬರೀ ಗಲಾಟೆ. ಆದರೆ ಆ ಸದ್ದನ್ನೇ ಕೆಲಸಕ್ಕೆ ಹಚ್ಚಿದರೆ ಎಂಜಿನ್‌ನ ಶಕ್ತಿ ಹೆಚ್ಚುತ್ತದೆ ಎಂದು ತೋರಿಸಿಕೊಟ್ಟ ಎಂಜಿನಿಯರ್ ಒಬ್ಬರಿದ್ದರು. ಅವರೇ ಜರ್ಮನಿಯ ವಾಲ್ಟರ್ ಕಾಡೆನ್. ಅವರ ಬದುಕಿನ ಕಥೆಯನ್ನೂ ಅವರ ಕೆಲಸದ ಹಿಂದಿನ ವಿಜ್ಞಾನವನ್ನೂ ಈಗ ತಿಳಿಯೋಣ.

ಬಾಲ್ಯ ಮತ್ತು ಓದು

ವಾಲ್ಟರ್ ಕಾಡೆನ್ 1919ರ ಸೆಪ್ಟೆಂಬರ್ 1ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಪೋಬರ್ಶಾವ್ ಎಂಬ ಊರಿನಲ್ಲಿ ಜನಿಸಿದರು. ಹತ್ತಿರದ ಚೋಪಾವ್ ಪಟ್ಟಣದಲ್ಲಿ ಡಿಕೆಡಬ್ಲ್ಯು ಎಂಬ ದೊಡ್ಡ ಮೋಟಾರು ಬೈಕ್ ಕಾರ್ಖಾನೆ ಇತ್ತು. ಟೂ-ಸ್ಟ್ರೋಕ್ ಎಂಜಿನ್‌ಗಳಿಗೆ ಅದು ಜಗತ್ತಿನಲ್ಲೇ ಹೆಸರುವಾಸಿ. ವಾಲ್ಟರ್ ಅವರ ತಂದೆ ಆ ಕಾರ್ಖಾನೆಯ ಅಧಿಕಾರಿಯೊಬ್ಬರ ಕಾರು ಚಾಲಕರಾಗಿದ್ದರು. ಹೀಗಾಗಿ ಎಂಜಿನ್, ಪೆಟ್ರೋಲು, ಬೈಕು ಇವೆಲ್ಲ ಬಾಲಕನಿಗೆ ಮನೆಯ ಮಾತಾಗಿದ್ದವು.

1927ರಲ್ಲಿ ನ್ಯೂರ್ಬರ್ಗ್‌ರಿಂಗ್ ಎಂಬ ಪ್ರಸಿದ್ಧ ಓಟದ ಪಥ ಉದ್ಘಾಟನೆಯಾಯಿತು. ಅದನ್ನು ನೋಡಲು ಬಾಲಕ ವಾಲ್ಟರ್ ಕೂಡ ಹೋಗಿದ್ದ. ವೇಗದ ವಾಹನಗಳ ಮೇಲಿನ ಆಸೆ ಅಂದೇ ಮನಸ್ಸಿನಲ್ಲಿ ಬೇರೂರಿತು. ಮುಂದೆ ಅವರು ಕೆಮ್ನಿಟ್ಸ್ ನಗರದಲ್ಲಿ ತಾಂತ್ರಿಕ ಶಿಕ್ಷಣ ಪಡೆದರು.

ಓದು ಮುಗಿಯುವ ಹೊತ್ತಿಗೆ ಎರಡನೆಯ ಮಹಾಯುದ್ಧ ಆರಂಭವಾಗಿತ್ತು. 1940ರಲ್ಲಿ ಅವರು ಹೆನ್ಶೆಲ್ ಎಂಬ ವಿಮಾನ ಕಂಪನಿ ಸೇರಿದರು. ರೇಡಿಯೋ ಸಂಕೇತಗಳಿಂದ ದಾರಿ ತೋರಿಸಿ ಗುರಿಗೆ ಮುಟ್ಟಿಸುವ, ರಾಕೆಟ್ ಜೋಡಿಸಿದ ಬಾಂಬನ್ನು ಆ ಕಂಪನಿ ರೂಪಿಸುತ್ತಿತ್ತು. ಕಾಡೆನ್ ಅದರಲ್ಲಿ ಕೆಲಸ ಮಾಡಿದರು. ವಿಜ್ಞಾನದ ತಿಳಿವಳಿಕೆ ಆಗ ಊರುಗಳನ್ನೂ ಹಡಗುಗಳನ್ನೂ ನಾಶ ಮಾಡಲು ಬಳಕೆಯಾಗುತ್ತಿತ್ತು. 1945ರಲ್ಲಿ ಯುದ್ಧ ಮುಗಿದಾಗ ಜರ್ಮನಿಯ ನಗರಗಳೂ ಪಾಳು ಬಿದ್ದಿದ್ದವು.

ಕಾಡೆನ್ ಚೋಪಾವ್‌ಗೆ ಮರಳಿದರು. ಬಾಂಬು ಬಿದ್ದು ಮನೆಗಳ ಛಾವಣಿಗಳು ಕುಸಿದಿದ್ದವು. ಅವುಗಳನ್ನು ಮತ್ತೆ ನಿಲ್ಲಿಸಲು ಮರದ ತೊಲೆ, ಚೌಕಟ್ಟುಗಳು ಬೇಕಿದ್ದವು. ಆ ಕೆಲಸವನ್ನೇ ಅವರು ಜೀವನೋಪಾಯವಾಗಿ ಹಿಡಿದರು. ಬಿಡುವಿನ ವೇಳೆಯಲ್ಲಿ ಹಳೆಯ ಡಿಕೆಡಬ್ಲ್ಯು ಬೈಕೊಂದನ್ನು ಸರಿಪಡಿಸಿ, ಓಟಕ್ಕೆ ಹೊಂದಿಸಿ, ಊರಿನ ಸ್ಪರ್ಧೆಗಳಲ್ಲಿ ತಾವೇ ಓಡಿಸಿದರು.

ಜರ್ಮನಿ ಆಗ ಪೂರ್ವ, ಪಶ್ಚಿಮ ಎಂದು ಎರಡು ದೇಶಗಳಾಯಿತು. ಚೋಪಾವ್ ಪೂರ್ವ ಜರ್ಮನಿಗೆ ಸೇರಿತು. ಅಲ್ಲಿನ ಹಳೆಯ ಕಾರ್ಖಾನೆ ಸರ್ಕಾರದ ವಶಕ್ಕೆ ಬಂದು, ಮುಂದೆ ಎಂಜೆಡ್ ಎಂಬ ಹೆಸರು ಪಡೆಯಿತು. 1953ರಲ್ಲಿ ಆ ಕಾರ್ಖಾನೆ ತನ್ನ ರೇಸಿಂಗ್ ವಿಭಾಗವನ್ನು ನೋಡಿಕೊಳ್ಳಲು ಕಾಡೆನ್ ಅವರನ್ನು ಕರೆಯಿತು. ಆಗ ಅವರ ವಯಸ್ಸು ಮೂವತ್ನಾಲ್ಕರ ಆಸುಪಾಸು.

ಟೂ-ಸ್ಟ್ರೋಕ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ?

ಕಾಡೆನ್ ಅವರ ಸಾಧನೆ ಅರ್ಥವಾಗಬೇಕಾದರೆ ಮೊದಲು ಎಂಜಿನ್‌ನ ಒಳಗೆ ಇಣುಕಿ ನೋಡಬೇಕು.

ಎಂಜಿನ್‌ನಲ್ಲಿ ಸಿಲಿಂಡರ್ ಎಂಬ ಉರುಳೆಯಾಕಾರದ ಕೋಣೆ ಇದೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಚಲಿಸುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ದಂಡ ಚಲಿಸುವುದಿಲ್ಲವೇ, ಹಾಗೆ. ಪಿಸ್ಟನ್ ಮೇಲೇರಿದಾಗ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಒತ್ತಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಮಿಶ್ರಣ ಭಗ್ಗನೆ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಈ ತಳ್ಳುವಿಕೆಯೇ ಚಕ್ರವನ್ನು ತಿರುಗಿಸುತ್ತದೆ.

ಪಿಸ್ಟನ್ ಒಮ್ಮೆ ಮೇಲಿನಿಂದ ಕೆಳಗೆ ಅಥವಾ ಕೆಳಗಿನಿಂದ ಮೇಲೆ ಹೋದರೆ ಅದು ಒಂದು ಸ್ಟ್ರೋಕ್. ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ನಾಲ್ಕು ಸ್ಟ್ರೋಕ್‌ಗಳಿಗೆ ಒಮ್ಮೆ ಮಿಶ್ರಣ ಉರಿಯುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಎರಡೇ ಸ್ಟ್ರೋಕ್‌ಗಳಿಗೆ ಒಮ್ಮೆ ಉರಿಯುತ್ತದೆ. ಹಾಗಾದರೆ ಟೂ-ಸ್ಟ್ರೋಕ್ ಎಂಜಿನ್ ಎರಡರಷ್ಟು ಶಕ್ತಿ ಕೊಡಬೇಕಲ್ಲವೇ?

ಲೆಕ್ಕದ ಪ್ರಕಾರ ಹೌದು. ಆದರೆ ಅಲ್ಲೊಂದು ತೊಡಕಿದೆ. ಸರಳ ಟೂ-ಸ್ಟ್ರೋಕ್ ಎಂಜಿನ್‌ನ ಸಿಲಿಂಡರ್‌ನಲ್ಲಿ ಬಾಗಿಲು ಹಾಕಿ ತೆಗೆಯುವ ಕವಾಟಗಳಿಲ್ಲ. ಗೋಡೆಯಲ್ಲಿ ಪೋರ್ಟ್ ಎಂಬ ಕಿಂಡಿಗಳಿವೆ. ಪಿಸ್ಟನ್ ಕೆಳಗಿಳಿದಾಗ ಕಿಂಡಿಗಳು ತೆರೆದುಕೊಳ್ಳುತ್ತವೆ. ಮೇಲೇರಿದಾಗ ಮುಚ್ಚಿಕೊಳ್ಳುತ್ತವೆ. ಉರಿದ ಹೊಗೆ ಒಂದು ಕಿಂಡಿಯಿಂದ ಹೊರಹೋಗುತ್ತಿರುವಾಗಲೇ ಹೊಸ ಮಿಶ್ರಣ ಇನ್ನೊಂದು ಕಿಂಡಿಯಿಂದ ಒಳಬರುತ್ತದೆ. ಎರಡೂ ಕಿಂಡಿಗಳು ಒಟ್ಟಿಗೇ ತೆರೆದಿರುವುದರಿಂದ ಸ್ವಲ್ಪ ಹೊಸ ಮಿಶ್ರಣ ಉರಿಯದೆಯೇ ಹೊಗೆಯ ಜೊತೆ ಹೊರಗೆ ಓಡಿಹೋಗುತ್ತದೆ. ಸ್ವಲ್ಪ ಹೊಗೆ ಒಳಗೇ ಉಳಿಯುತ್ತದೆ. ಒಂದೇ ಬಾಗಿಲಿನ ತರಗತಿಯಿಂದ ಒಂದು ಗುಂಪು ಹೊರಬರುವಾಗಲೇ ಇನ್ನೊಂದು ಗುಂಪು ಒಳನುಗ್ಗಿದರೆ ಏನಾಗುತ್ತದೆ, ಯೋಚಿಸಿ!

ಈ ಕಾರಣದಿಂದ ಟೂ-ಸ್ಟ್ರೋಕ್ ಎಂಜಿನ್ ಸಣ್ಣಪುಟ್ಟ ಕೆಲಸಕ್ಕೆ ಸರಿ, ದೊಡ್ಡ ಸ್ಪರ್ಧೆಗಳಲ್ಲಿ ಫೋರ್-ಸ್ಟ್ರೋಕ್‌ನ ಮುಂದೆ ನಿಲ್ಲಲಾರದು ಎಂದು 1950ರ ದಶಕದ ಆರಂಭದಲ್ಲಿ ಹಲವರು ಭಾವಿಸಿದ್ದರು.

ಸದ್ದು ಹಿಂದಿರುಗಿ ಬಂದಾಗ

ಕಾಡೆನ್ ಗಮನ ಹರಿಸಿದ್ದು ಹೊಗೆ ಕೊಳವೆಯ ಮೇಲೆ. ಹೊಗೆಯ ಕಿಂಡಿ ತೆರೆದ ಕೂಡಲೇ ಬಿಸಿ ಅನಿಲ ರಭಸದಿಂದ ಕೊಳವೆಗೆ ನುಗ್ಗುತ್ತದೆ. ಆಗ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಮುಂದೆ ಓಡುತ್ತದೆ. ನಾವು ಕೇಳುವ ಸದ್ದು ಇದೇ ಅಲೆಯಿಂದ ಹುಟ್ಟಿದ್ದು.

ಶಬ್ದದ ಅಲೆ ಬಂಡೆಗೆ ಬಡಿದರೆ ಹಿಂದಿರುಗುತ್ತದೆ. ಅದನ್ನು ಪ್ರತಿಧ್ವನಿ ಎನ್ನುತ್ತೇವೆ. ಕೊಳವೆಯೊಳಗೂ ಹೀಗೆಯೇ ಆಗುತ್ತದೆ. ಆದರೆ ಅಲ್ಲಿ ಇನ್ನೊಂದು ವಿಶೇಷವಿದೆ. ಇದನ್ನು ಗಮನವಿಟ್ಟು ಓದಿ.

ಕೊಳವೆ ಅಗಲವಾಗುತ್ತಾ ಹೋಗುವ ಕಡೆ ಒತ್ತಡದ ಅಲೆಯ ಒಂದು ಭಾಗ ತಲೆಕೆಳಗಾಗಿ ಹಿಂದಿರುಗುತ್ತದೆ. ಎಂದರೆ ಸಂಪೀಡನವಾಗಿ ಹೋದದ್ದು ವಿರಳನವಾಗಿ ಬರುತ್ತದೆ. ಅದು ಸಿಲಿಂಡರ್ ತಲುಪಿದಾಗ ಒಳಗಿನ ಹೊಗೆಯನ್ನು ಹೊರಕ್ಕೆ ಹೀರುತ್ತದೆ. ಹೊಸ ಮಿಶ್ರಣವನ್ನೂ ಒಳಕ್ಕೆ ಸೆಳೆಯುತ್ತದೆ.

ಕೊಳವೆ ಕಿರಿದಾಗುತ್ತಾ ಹೋಗುವ ಕಡೆ ಅಲೆ ತಲೆಕೆಳಗಾಗುವುದಿಲ್ಲ. ಸಂಪೀಡನವು ಸಂಪೀಡನವಾಗಿಯೇ ಹಿಂದಿರುಗುತ್ತದೆ. ಅದು ಸಿಲಿಂಡರ್ ತಲುಪಿದಾಗ, ಹೊರಗೆ ಓಡಿಹೋಗಿದ್ದ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ.

ಮೊದಲು ಹೀರುವುದು, ಆಮೇಲೆ ತಳ್ಳುವುದು. ಈ ಎರಡೂ ಕೆಲಸ ಆಗಬೇಕಾದರೆ ಕೊಳವೆ ಮೊದಲು ಅಗಲವಾಗಬೇಕು, ನಂತರ ಕಿರಿದಾಗಬೇಕು. ನಡುವೆ ಉಬ್ಬಿದ, ಎರಡೂ ತುದಿಗಳಲ್ಲಿ ಸಣ್ಣದಾದ ಈ ಕೊಳವೆಗೆ ಎಕ್ಸ್‌ಪಾನ್ಶನ್ ಚೇಂಬರ್ ಎನ್ನುತ್ತಾರೆ. ಅದರಲ್ಲಿ ಚಲಿಸುವ ಬಿಡಿಭಾಗ ಒಂದೂ ಇಲ್ಲ. ತಗಡನ್ನು ಸುತ್ತಿ ಬೆಸುಗೆ ಹಾಕಿದರೆ ಸಾಕು. ಆದರೂ ಅದು ಪಂಪಿನಂತೆ ಕೆಲಸ ಮಾಡುತ್ತದೆ!

ಈ ಆಲೋಚನೆ ಪೂರ್ತಿಯಾಗಿ ಕಾಡೆನ್ ಒಬ್ಬರದೇ ಅಲ್ಲ. ಪಶ್ಚಿಮ ಜರ್ಮನಿಯ ಡಿಕೆಡಬ್ಲ್ಯು ಎಂಜಿನಿಯರ್ ಎರಿಕ್ ವುಲ್ಫ್ ಅಂಥ ಕೊಳವೆಗಳನ್ನು ಅದಕ್ಕೂ ಮುಂಚೆ ಬಳಸಿದ್ದರು. ಸಿಲಿಂಡರ್‌ಗೆ ಹೋಗುವ ಮಿಶ್ರಣದ ದಾರಿಯನ್ನು ತಿರುಗುವ ತಟ್ಟೆಯಿಂದ ತೆರೆದು ಮುಚ್ಚುವ ಉಪಾಯವನ್ನು ಡೇನಿಯಲ್ ಜಿಮ್ಮರ್‌ಮನ್ ಎಂಬವರು ತಮ್ಮ ಬೈಕಿನಲ್ಲಿ ಅಳವಡಿಸಿದ್ದರು. ಕಾಡೆನ್ ಅವರ ಹೆಚ್ಚುಗಾರಿಕೆ ಇರುವುದು ಇವುಗಳನ್ನು ಒಟ್ಟುಗೂಡಿಸಿ, ಅಳೆದು, ಪರೀಕ್ಷಿಸಿ, ತಿದ್ದಿದ್ದರಲ್ಲಿ. ಕೊಳವೆಯೊಳಗಿನ ಅಲೆಗಳನ್ನು ಗಮನಿಸಲು ಅವರು ಆಸಿಲೋಸ್ಕೋಪ್ ಎಂಬ ಉಪಕರಣವನ್ನು ಬಳಸಿದರು. ಅದು ಕಂಪನಗಳನ್ನು ಪರದೆಯ ಮೇಲೆ ಗೆರೆಗಳಾಗಿ ತೋರಿಸುತ್ತದೆ. ಕಣ್ಣಿಗೆ ಕಾಣದ ಅಲೆ ಹೀಗೆ ಕಣ್ಣಿಗೆ ಬಿತ್ತು. ಊಹೆಯ ಜಾಗದಲ್ಲಿ ಅಳತೆ ಬಂತು.

ಒಂದು ಲೆಕ್ಕ ಮಾಡೋಣವೇ?

ಕಾಡೆನ್ ಅವರ 1961ರ ಎಂಜಿನ್ ನಿಮಿಷಕ್ಕೆ 10,800 ಸುತ್ತು ತಿರುಗುತ್ತಿತ್ತು. ಹಾಗಾದರೆ ಸೆಕೆಂಡಿಗೆ ಎಷ್ಟು ಸುತ್ತು? 10,800ನ್ನು 60ರಿಂದ ಭಾಗಿಸಿ. 180 ಬಂತಲ್ಲವೇ? ಅಂದರೆ ಒಂದು ಸುತ್ತಿಗೆ ಸೆಕೆಂಡಿನ 180ನೇ ಒಂದು ಭಾಗ ಮಾತ್ರ. ಓಟದ ಎಂಜಿನ್‌ನಲ್ಲಿ ಹೊಗೆಯ ಕಿಂಡಿ ತೆರೆದಿರುವುದು ಸುಮಾರು ಅರ್ಧ ಸುತ್ತಿನಷ್ಟು ಹೊತ್ತು. ಅದು ಹೆಚ್ಚು ಕಡಿಮೆ ಸೆಕೆಂಡಿನ ಸಾವಿರದಲ್ಲಿ 3 ಭಾಗ.

ಸಾಮಾನ್ಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಬಿಸಿ ಅನಿಲದಲ್ಲಿ ಅದರ ವೇಗ ಹೆಚ್ಚು. ಹೊಗೆ ಕೊಳವೆಯಲ್ಲಿ ಅದು ಸೆಕೆಂಡಿಗೆ 500 ಮೀಟರ್ ಎಂದು ಇಟ್ಟುಕೊಳ್ಳಿ. ಸೆಕೆಂಡಿನ ಸಾವಿರದ 3 ಭಾಗದಲ್ಲಿ ಅಲೆ 1.5 ಮೀಟರ್ ಓಡುತ್ತದೆ. ಇದು ಹೋಗಿ ಬರುವ ದೂರ. ಆದ್ದರಿಂದ ಅಲೆಯನ್ನು ಹಿಂದಿರುಗಿಸುವ ಜಾಗ ಸಿಲಿಂಡರ್‌ನಿಂದ ಸುಮಾರು 75 ಸೆಂಟಿಮೀಟರ್ ದೂರದಲ್ಲಿರಬೇಕು. ಅದಕ್ಕಿಂತ ದೂರವಿದ್ದರೆ ಅಲೆ ಬರುವಷ್ಟರಲ್ಲಿ ಕಿಂಡಿ ಮುಚ್ಚಿರುತ್ತದೆ. ತೀರಾ ಹತ್ತಿರವಿದ್ದರೆ ಬೇಗ ಬಂದುಬಿಡುತ್ತದೆ. ಉಯ್ಯಾಲೆಯನ್ನು ಸರಿಯಾದ ಕ್ಷಣದಲ್ಲಿ ತಳ್ಳಿದರೆ ಮಾತ್ರ ಅದು ಎತ್ತರಕ್ಕೆ ಹೋಗುವುದು ನಿಮಗೆ ಗೊತ್ತು. ಇಲ್ಲಿಯೂ ಸರಿಯಾದ ಕ್ಷಣವೇ ಮುಖ್ಯ.

ಸುಟ್ಟುಹೋಗುವ ಪಿಸ್ಟನ್

ಶಕ್ತಿ ಹೆಚ್ಚಿದಂತೆ ಹೊಸ ಸಮಸ್ಯೆ ಎದುರಾಯಿತು. ಎಂಜಿನ್ ವಿಪರೀತ ಬಿಸಿಯಾಗತೊಡಗಿತು. ಬಿಸಿಯಾದ ಲೋಹ ಹಿಗ್ಗುತ್ತದೆ. ಪಿಸ್ಟನ್ ಹಿಗ್ಗಿದರೆ ಸಿಲಿಂಡರ್‌ಗೆ ಕಚ್ಚಿಕೊಂಡು ಎಂಜಿನ್ ತಟ್ಟನೆ ನಿಂತುಬಿಡುತ್ತದೆ. ವೇಗದಲ್ಲಿ ಓಡುವ ಬೈಕಿನಲ್ಲಿ ಹೀಗಾದರೆ ಸವಾರನ ಜೀವಕ್ಕೇ ಅಪಾಯ.

ಕಾಡೆನ್ 1957ರ ಸುಮಾರಿಗೆ ಇದಕ್ಕೊಂದು ಉಪಾಯ ಮಾಡಿದರು. ಹೊಸ ಮಿಶ್ರಣ ಬರಲು ಹೊಗೆಯ ಕಿಂಡಿಯ ಎದುರಿಗೆ ಇನ್ನೊಂದು ಕಿಂಡಿ ಮಾಡಿದರು. ಈ ಕಿಂಡಿಗೆ ಹೋಗುವ ತಂಪಾದ ಮಿಶ್ರಣ ಪಿಸ್ಟನ್ನಿನ ತಳಭಾಗವನ್ನು ತಾಕಿಕೊಂಡೇ ಹೋಗುವಂತೆ ದಾರಿ ಮಾಡಿದರು. ಮಿಶ್ರಣ ಹೆಚ್ಚು ಬಂತು, ಪಿಸ್ಟನ್ ತಂಪಾಯಿತು. ಒಂದೇ ಕಿಂಡಿಯಿಂದ ಎರಡು ಲಾಭ!

ಈ ಎಲ್ಲ ಪ್ರಯತ್ನಗಳ ಫಲವನ್ನು ಅಂಕಿಗಳಲ್ಲಿ ನೋಡಿ. ಅವರ ಎಂಜಿನ್‌ನ ಗಾತ್ರ 125 ಘನ ಸೆಂಟಿಮೀಟರ್. ಅದೊಂದು ಸಣ್ಣ ಟೀ ಲೋಟದಷ್ಟು. 1954ರಲ್ಲಿ ಅದು 13 ಅಶ್ವಶಕ್ತಿ ಕೊಡುತ್ತಿತ್ತು. 1961ರ ಹೊತ್ತಿಗೆ 25 ಅಶ್ವಶಕ್ತಿ ಕೊಟ್ಟಿತು. ಅಂದರೆ ಒಂದು ಲೀಟರ್ ಗಾತ್ರಕ್ಕೆ 200 ಅಶ್ವಶಕ್ತಿ. ಗಾಳಿಯನ್ನು ಒಳತುಂಬುವ ಬೇರೆ ಯಂತ್ರವಿಲ್ಲದ ಯಾವ ಎಂಜಿನ್ನೂ ಅದಕ್ಕೆ ಮೊದಲು ಈ ಮಟ್ಟ ಮುಟ್ಟಿರಲಿಲ್ಲ.

ಗೆಲುವು ಮತ್ತು ಆಘಾತ

1958ರಲ್ಲಿ ಸ್ವೀಡನ್‌ನಲ್ಲಿ ನಡೆದ ಗ್ರ್ಯಾನ್ ಪ್ರೀ ಸ್ಪರ್ಧೆಯ 250 ಸಿಸಿ ವಿಭಾಗದಲ್ಲಿ ಹೋರ್ಸ್ಟ್ ಫ್ಯೂಗ್ನರ್ ಎಂಬ ಸವಾರ ಎಂಜೆಡ್ ಬೈಕಿನಲ್ಲಿ ಗೆದ್ದರು. 1959ರಲ್ಲಿ ಎರ್ನ್ಸ್ಟ್ ಡೆಗ್ನರ್ ಇಟಲಿಯ ಮೊಂಜಾದಲ್ಲಿ 125 ಸಿಸಿ ಸ್ಪರ್ಧೆ ಗೆದ್ದರು. ಡೆಗ್ನರ್ ಒಳ್ಳೆಯ ಸವಾರರಷ್ಟೇ ಅಲ್ಲ, ಎಂಜಿನ್ ಬಲ್ಲವರು. ಕಾಡೆನ್ ಜೊತೆ ಕೆಲಸ ಮಾಡಿ ಅದರ ಒಳಗುಟ್ಟುಗಳನ್ನು ಅರಿತಿದ್ದರು.

1961ರಲ್ಲಿ 125 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಎಂಜೆಡ್ ಕೈಗೆ ಎಟಕುವಷ್ಟು ಹತ್ತಿರ ಬಂತು. ಅಂಕಗಳಲ್ಲಿ ಡೆಗ್ನರ್ ಮುಂದಿದ್ದರು. ಅದೇ ವರ್ಷ ಆಗಸ್ಟ್ 13ರಂದು ಬರ್ಲಿನ್ ಗೋಡೆ ಎದ್ದಿತು. ಪೂರ್ವ ಜರ್ಮನಿಯ ಜನ ಪಶ್ಚಿಮಕ್ಕೆ ಹೋಗದಂತೆ ದಾರಿ ಮುಚ್ಚಿತು. ಸೆಪ್ಟೆಂಬರ್‌ನಲ್ಲಿ ಸ್ವೀಡನ್ ಸ್ಪರ್ಧೆ ನಡೆಯಿತು. ಡೆಗ್ನರ್ ಅವರ ಎಂಜಿನ್ ಓಟದ ನಡುವೆ ಕೆಟ್ಟುನಿಂತಿತು. ಸ್ಪರ್ಧೆಯ ನಂತರ ಅವರು ತಂಡದೊಂದಿಗೆ ಮರಳಲಿಲ್ಲ. ಪಶ್ಚಿಮ ಜರ್ಮನಿಗೆ ಹೊರಟುಹೋದರು. ಅವರ ಹೆಂಡತಿ ಮತ್ತು ಮಕ್ಕಳನ್ನು ಕಾರಿನಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು.

ಆ ವರ್ಷದ ಪಟ್ಟ ಹೋಂಡಾ ಕಂಪನಿಯ ಸವಾರ ಟಾಮ್ ಫಿಲಿಸ್ ಪಾಲಾಯಿತು. ಡೆಗ್ನರ್ ಜಪಾನಿನ ಸುಜುಕಿ ಕಂಪನಿ ಸೇರಿದರು. ಎಂಜೆಡ್‌ನಲ್ಲಿ ಕಲಿತದ್ದನ್ನೆಲ್ಲ ಅಲ್ಲಿ ಧಾರೆ ಎರೆದರು. 1962ರಲ್ಲಿ ಸುಜುಕಿಯ ಟೂ-ಸ್ಟ್ರೋಕ್ ಬೈಕಿನಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದರು.

ಕಾಡೆನ್ ಅವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಎಂಟು ವರ್ಷಗಳ ದುಡಿಮೆಯ ತಿಳಿವಳಿಕೆ ಒಮ್ಮೆಲೇ ಎದುರಾಳಿಯ ಕೈ ಸೇರಿತ್ತು. ಎದುರಾಳಿಗೆ ಹಣವಿತ್ತು, ದೊಡ್ಡ ಕಾರ್ಖಾನೆ ಇತ್ತು. ಇವರ ಬಳಿ ಇದ್ದದ್ದು ಸಣ್ಣ ತಂಡ, ಕಡಿಮೆ ಹಣ. ಡೆಗ್ನರ್ ಮಾಡಿದ್ದು ಸರಿಯೇ, ತಪ್ಪೇ? ಕುಟುಂಬದೊಂದಿಗೆ ಸ್ವತಂತ್ರವಾಗಿ ಬದುಕುವ ಆಸೆ ಒಂದು ಕಡೆ, ನಂಬಿದ ತಂಡದ ಶ್ರಮ ಇನ್ನೊಂದು ಕಡೆ. ನಿಮ್ಮ ತರಗತಿಯಲ್ಲಿ ಇದನ್ನು ಚರ್ಚಿಸಿ.

ಕಾಡೆನ್ ಚೋಪಾವ್ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. 1963ರಲ್ಲಿ ಪ್ರಸಿದ್ಧ ಸವಾರ ಮೈಕ್ ಹೈಲ್‌ವುಡ್ ಪೂರ್ವ ಜರ್ಮನಿಯ ಸ್ಯಾಕ್ಸನ್‌ರಿಂಗ್ ಪಥದಲ್ಲಿ ಎಂಜೆಡ್ ಬೈಕಿನಲ್ಲಿ 250 ಸಿಸಿ ಸ್ಪರ್ಧೆ ಗೆದ್ದರು. 1955ರಿಂದ 1976ರವರೆಗೆ ಕಾಡೆನ್ ಅವರ ಎಂಜಿನ್‌ಗಳು 13 ಗ್ರ್ಯಾನ್ ಪ್ರೀ ಗೆಲುವುಗಳನ್ನು ಕಂಡವು. ಆದರೆ ವಿಶ್ವ ಚಾಂಪಿಯನ್ ಪಟ್ಟ ಮಾತ್ರ ಎಂಜೆಡ್‌ಗೆ ಒಮ್ಮೆಯೂ ಸಿಗಲಿಲ್ಲ.

ಪಟ್ಟ ಸಿಕ್ಕಿದ್ದು ಅವರ ವಿಚಾರಗಳಿಗೆ. 1964ರಲ್ಲಿ ಯಮಾಹಾದ ಟೂ-ಸ್ಟ್ರೋಕ್ ಬೈಕು 250 ಸಿಸಿ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆಯಿತು. 1975ರಲ್ಲಿ 500 ಸಿಸಿ ವಿಭಾಗದ ಪಟ್ಟವೂ ಟೂ-ಸ್ಟ್ರೋಕ್‌ಗೆ ಬಂತು. ಅಲ್ಲಿಂದ 2001ರವರೆಗೆ ಆ ವಿಭಾಗದ ಪ್ರತಿಯೊಂದು ಪಟ್ಟವೂ ಟೂ-ಸ್ಟ್ರೋಕ್ ಬೈಕುಗಳದೇ. ಅವುಗಳಲ್ಲೆಲ್ಲ ಆ ಉಬ್ಬಿದ ಹೊಗೆ ಕೊಳವೆ ಇತ್ತು. ವಾಲ್ಟರ್ ಕಾಡೆನ್ 1996ರ ಮಾರ್ಚ್ 3ರಂದು ನಿಧನರಾದರು.

ಗೋ-ಕಾರ್ಟ್‌ನಲ್ಲಿ ಕಾಡೆನ್ ಪಾಠ

ಗೋ-ಕಾರ್ಟ್ ಎಂಬ ಪುಟ್ಟ ಓಟದ ಗಾಡಿಯನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಮೊದಲ ಕಾರ್ಟನ್ನು 1956ರಲ್ಲಿ ಅಮೆರಿಕದ ಆರ್ಟ್ ಇಂಗೆಲ್ಸ್ ತಯಾರಿಸಿದರು. ಅದಕ್ಕೆ ಹುಲ್ಲು ಕತ್ತರಿಸುವ ಯಂತ್ರದ ಟೂ-ಸ್ಟ್ರೋಕ್ ಎಂಜಿನ್ ಜೋಡಿಸಿದ್ದರು. ಇಂದಿಗೂ ಅನೇಕ ಸ್ಪರ್ಧಾ ಕಾರ್ಟ್‌ಗಳಲ್ಲಿ ಟೂ-ಸ್ಟ್ರೋಕ್ ಎಂಜಿನ್ ಇದೆ. ಅದನ್ನು ಓಟಕ್ಕೆ ಹೊಂದಿಸುವವರು ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾರೆ.

ಮೊದಲನೆಯದು ಹೊಗೆ ಕೊಳವೆಯ ಉದ್ದ. ಗಿಡ್ಡ ಕೊಳವೆಯಲ್ಲಿ ಅಲೆ ಬೇಗ ಹಿಂದಿರುಗುತ್ತದೆ. ಆದ್ದರಿಂದ ಎಂಜಿನ್ ಹೆಚ್ಚು ವೇಗವಾಗಿ ತಿರುಗುವಾಗ ಶಕ್ತಿ ಸಿಗುತ್ತದೆ. ನೇರ ದಾರಿ ಉದ್ದವಾಗಿರುವ ಪಥಕ್ಕೆ ಇದು ಒಳ್ಳೆಯದು. ತಿರುವುಗಳು ಹೆಚ್ಚಿದ್ದರೆ ಕೊಳವೆಯನ್ನು ತುಸು ಉದ್ದ ಮಾಡುತ್ತಾರೆ.

ಎರಡನೆಯದು ಪೆಟ್ರೋಲು ಮತ್ತು ಗಾಳಿಯ ಪ್ರಮಾಣ. ಪೆಟ್ರೋಲು ಹೆಚ್ಚಾದರೆ ಎಂಜಿನ್ ಮಂದವಾಗುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಕಡಿಮೆಯಾದರೆ ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಪ್ಲಗ್ ಬೆಳ್ಳಗೆ ಕಾಣುತ್ತದೆ. ತಿಳಿ ಕಂದು ಬಣ್ಣವಿದ್ದರೆ ಪ್ರಮಾಣ ಸರಿಯಾಗಿದೆ ಎಂದು ಅರ್ಥ.

ಮೂರನೆಯದು ತಾಪ. ಬಿಸಿಲು ಹೆಚ್ಚಾದರೆ ಗಾಳಿ ವಿರಳವಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಹೊಂದಾಣಿಕೆ ಮಧ್ಯಾಹ್ನ ತಪ್ಪಾಗಬಹುದು. ಹಾಗಾಗಿ ಜಾಣರು ಒಮ್ಮೆಗೆ ಒಂದನ್ನೇ ಬದಲಿಸುತ್ತಾರೆ. ಓಡಿಸಿ, ಅಳೆದು, ಬರೆದಿಟ್ಟುಕೊಳ್ಳುತ್ತಾರೆ. ಎರಡನ್ನು ಒಟ್ಟಿಗೇ ಬದಲಿಸಿದರೆ ಫಲ ಯಾವುದರಿಂದ ಬಂತು ಎಂದು ಹೇಗೆ ತಿಳಿಯುತ್ತದೆ?

ಹಾಗಾದರೆ ರಸ್ತೆಗಳಲ್ಲಿ ಟೂ-ಸ್ಟ್ರೋಕ್ ಬೈಕುಗಳು ಏಕೆ ಕಡಿಮೆಯಾದವು? ಅವುಗಳಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುತ್ತದೆ. ಉರಿಯದ ಪೆಟ್ರೋಲು ಸ್ವಲ್ಪ ಹೊರಹೋಗಿಯೇ ಹೋಗುತ್ತದೆ. ಕಾಡೆನ್ ಅವರ ಕೊಳವೆ ಒಂದು ನಿಗದಿತ ವೇಗದಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಊರೊಳಗೆ ನಿಂತು ನಿಂತು ಸಾಗುವ ಬೈಕಿಗೆ ಆ ಲಾಭ ಸಿಗದು. ಗಾಳಿ ಕಲುಷಿತವಾಗುವುದರಿಂದ ನಿಯಮಗಳು ಬಿಗಿಯಾದವು, ಫೋರ್-ಸ್ಟ್ರೋಕ್ ಬೈಕುಗಳು ಬಂದವು.

ನೀವೇ ಮಾಡಿ ನೋಡಿ

ಒಂದೇ ತೆರನಾದ ಮೂರು ಗಾಜಿನ ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದನ್ನು ಖಾಲಿ ಬಿಡಿ. ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮುಕ್ಕಾಲು ಭಾಗ ನೀರು ತುಂಬಿಸಿ. ಬಾಯಿಯ ಅಂಚಿಗೆ ತುಟಿಯಿಟ್ಟು ಮೆಲ್ಲಗೆ ಊದಿ. ಯಾವುದರಿಂದ ತೆಳುವಾದ, ಎತ್ತರದ ಸ್ವರ ಬರುತ್ತದೆ? ಗಾಳಿಯ ಜಾಗ ಗಿಡ್ಡವಾದಂತೆ ಸ್ವರಕ್ಕೆ ಏನಾಯಿತು? ಕಾರ್ಟ್‌ನ ಗಿಡ್ಡ ಕೊಳವೆಗೂ ಇದಕ್ಕೂ ಇರುವ ಹೋಲಿಕೆಯನ್ನು ನಿಮ್ಮ ಪುಸ್ತಕದಲ್ಲಿ ಬರೆದು ಶಿಕ್ಷಕರಿಗೆ ತೋರಿಸಿ.